ಸೋರುವ ಜಾಗ ಬೇರೆ, ನೀರು ನಿಂತ ಜಾಗ ಬೇರೆ

ಏಪ್ರಿಲ್ ಮುಗಿಯುತ್ತಿದ್ದಂತೆ ಧಾರವಾಡದ ಬಣ್ಣದ ಅಂಗಡಿಗಳ ಮುಂದೆ ಮಾಳಿಗೆಗೆ ಬಳಿಯುವ ಲೇಪನದ ಡಬ್ಬಿಗಳು ಸಾಲುಗಟ್ಟುತ್ತವೆ. ರೋಹಿಣಿ ಮಳೆಗೆ ಮುಂಚೆ ಬಳಿದು ಮುಗಿಸಬೇಕೆಂಬ ಅವಸರ ಎಲ್ಲರಿಗೂ. ನಮ್ಮ ಓಣಿಯ ಒಂದು ಮನೆಯವರು ಹೋದ ವರ್ಷವೂ ಬಳಿದರು, ಅದರ ಹಿಂದಿನ ವರ್ಷವೂ ಬಳಿದಿದ್ದರು. ಆರಿದ್ರಾ ಮಳೆ ಹಿಡಿದು ಕುಳಿತಾಗ ದೇವರ ಕೋಣೆಯ ಮೂಲೆ ಮತ್ತೆ ತೊಟ್ಟಿಕ್ಕಿತು. ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದವಳು ನಾನು. ಇಂಥದ್ದನ್ನು ಕಂಡು ಸುಮ್ಮನಿರಲು ಆಗುವುದಿಲ್ಲ. ಸೋರಿಕೆಯ ಕಾರಣವನ್ನು ಕೋಣೆಯೊಳಗೆ ಕತ್ತೆತ್ತಿ ನಿಂತು ಹುಡುಕಬೇಡಿ ಎಂದು ಎಲ್ಲರಿಗೂ ಹೇಳುತ್ತೇನೆ. ಮೇಲೆ ಹತ್ತಿ, ನೀರು ಎಲ್ಲಿ ನಿಂತಿದೆ, ಯಾಕೆ ನಿಂತಿದೆ ಎಂದು ನೋಡಿ.

ಈ ಮಾತು ನನಗೆ ಚೆನ್ನಾಗಿ ಮನದಟ್ಟಾದದ್ದು ಅಮೆರಿಕದ ಮಿನ್ನೆಸೋಟದಲ್ಲಿರುವ ಮಗಳ ಮನೆಯಲ್ಲಿ. ಜನವರಿ ತಿಂಗಳು. ಮಳೆಯ ಮಾತೇ ಇಲ್ಲ, ಹೊರಗೆ ಎಲ್ಲವೂ ಹೆಪ್ಪುಗಟ್ಟಿದೆ. ಆದರೂ ಊಟದ ಕೋಣೆಯ ಕಿಟಕಿಯ ಮೇಲಿನಿಂದ ಗೋಡೆಗುಂಟ ನೀರು ಇಳಿಯುತ್ತಿತ್ತು. ಅಳಿಯಂದಿರು ಅಂಗಳಕ್ಕೆ ಕರೆದುಕೊಂಡು ಹೋಗಿ ತೋರಿಸಿದರು: ಸೂರಿನ ಅಂಚಿನುದ್ದಕ್ಕೂ ಮಂಜುಗಡ್ಡೆಯ ದಪ್ಪ ಕಟ್ಟೆ ಬೆಳೆದಿತ್ತು.

ಅದು ಬೆಳೆಯುವ ಬಗೆ ಹೀಗೆ. ಮನೆಯೊಳಗಿನ ಕಾವು ದೀಪದ ತೂತು, ಕೊಳವೆಯ ಸಂದು, ಅಟ್ಟದ ಬಾಗಿಲಿನ ಸುತ್ತಲಿನ ಬಿರುಕುಗಳಿಂದ ಮೇಲೆ ನುಸುಳಿ ಚಾವಣಿಯ ಹಲಗೆಯನ್ನು ಬೆಚ್ಚಗೆ ಮಾಡುತ್ತದೆ. ಚಾವಣಿಯ ಮೇಲೆ ಬಿದ್ದಿರುವ ಹಿಮದ ತಳಪದರ ಕರಗಿ, ನೀರು ಇಳಿಜಾರಿನಲ್ಲಿ ಹರಿದು ಅಂಚಿಗೆ ಬರುತ್ತದೆ. ಅಂಚು ಗೋಡೆಯಿಂದ ಹೊರಗೆ ಚಾಚಿಕೊಂಡಿರುವುದರಿಂದ ಅದಕ್ಕೆ ಮನೆಯ ಕಾವು ಮುಟ್ಟುವುದಿಲ್ಲ. ಬಂದ ನೀರು ಅಲ್ಲಿ ಮತ್ತೆ ಗಡ್ಡೆಯಾಗುತ್ತದೆ. ಗಡ್ಡೆಯ ಹಿಂದೆ ಇನ್ನಷ್ಟು ನೀರು ನಿಲ್ಲುತ್ತದೆ. ಆ ದೇಶದ ಚಾವಣಿಗೆ ಹೊದಿಸುವ ಡಾಂಬರಿನ ಹಾಳೆಗಳು ಹರಿಯುವ ನೀರನ್ನು ಕೆಳಗೆ ಜಾರಿಸಬಲ್ಲವು. ನಿಂತ ನೀರನ್ನು ತಡೆಯುವುದಕ್ಕಾಗಿ ಮಾಡಿದವುಗಳಲ್ಲ. ಹಾಳೆಯ ಅಡಿಯಿಂದ ನೀರು ಮೇಲಕ್ಕೇರಿ ಒಳಗಿಳಿಯುತ್ತದೆ.

ಅಲ್ಲಿಯ ನೆರೆಯವರು ನೆಲದ ಮೇಲೆ ನಿಂತೇ ಉದ್ದ ಹಿಡಿಕೆಯ ಗೋರೆಯಿಂದ ಅಂಚಿನ ಹಿಮವನ್ನು ಎಳೆದು ಹಾಕುತ್ತಿದ್ದರು. ಅದು ಒಳ್ಳೆಯ ರೂಢಿ. ಕೊಡಲಿಯಿಂದ ಗಡ್ಡೆ ಒಡೆಯಲು ಹೋದರೆ ಹಾಳೆಯೂ ಹರಿಯುತ್ತದೆ, ಜಾರಿ ಬಿದ್ದವರ ಸೊಂಟವೂ ಮುರಿಯುತ್ತದೆ. ತುರ್ತಿಗೆ ಹಳೆಯ ಕಾಲುಚೀಲದಲ್ಲಿ ಕ್ಯಾಲ್ಸಿಯಂ ಕ್ಲೋರೈಡ್ ತುಂಬಿ ಕಟ್ಟೆಗೆ ಅಡ್ಡಲಾಗಿ ಇಟ್ಟರೆ ನೀರಿಗೊಂದು ಕಾಲುವೆ ಬಿಡುತ್ತದೆ. ಆದರೆ ನಿಜವಾದ ಪರಿಹಾರ ಅಟ್ಟದಲ್ಲಿತ್ತು. ಬೇಸಿಗೆಯಲ್ಲಿ ಮಗಳು ಸಂದುಗಳನ್ನೆಲ್ಲ ಮುಚ್ಚಿಸಿ, ಅಟ್ಟದ ನೆಲಕ್ಕೆ ಶಾಖ ತಡೆಯುವ ಹೊದಿಕೆ ದಪ್ಪಗೆ ಹಾಕಿಸಿ, ಸೂರಿನ ಕೆಳಗಿನಿಂದ ನೆತ್ತಿಯವರೆಗೆ ತಣ್ಣನೆಯ ಗಾಳಿ ಆಡುವಂತೆ ಮಾಡಿಸಿದಳು. ಚಾವಣಿ ತಣ್ಣಗಿದ್ದರೆ ಹಿಮ ಕರಗುವುದಿಲ್ಲ, ಕಟ್ಟೆಯೂ ಕಟ್ಟುವುದಿಲ್ಲ. ಮುಂದಿನ ಚಳಿಗಾಲದಲ್ಲಿ ಆ ಗೋಡೆ ಒಣಗಿಯೇ ಇತ್ತು.

ನಮ್ಮ ಹಿರಿಯರಿಗೆ ನೀರು ನಿಲ್ಲಬಾರದೆಂಬುದು ಗೊತ್ತಿತ್ತು. ನನ್ನ ತವರು ನರಗುಂದದ ಕಡೆ, ಮಣ್ಣಿನ ಮೇಲ್ಮುದ್ದೆಯ ಮನೆ. ತೊಲೆ, ಜಂತಿ, ಅದರ ಮೇಲೆ ಕಟ್ಟಿಗೆ, ಸೊಪ್ಪು, ಮಣ್ಣು, ಕಡೆಗೆ ಸವಳು ಮಣ್ಣಿನ ಹೊದಿಕೆ. ಸವಳು ಮಣ್ಣಿನ ಕಣಗಳು ನೀರು ಬಿದ್ದಾಗ ಚದುರಿ ಸಂದುಗಳನ್ನು ತಾವೇ ತುಂಬುತ್ತವೆ. ಪ್ರತಿ ಬೇಸಿಗೆಯಲ್ಲಿ ಅಜ್ಜ ಹುಲ್ಲು ಕಿತ್ತು, ಹೊಸ ಮಣ್ಣು ಹಾಕಿ, ನೀರು ಹೊರಗೆ ಬೀಳುವ ಹರನಾಳಿಗೆಯ ಕಡೆಗೆ ವಾಟ, ಅಂದರೆ ಇಳಿಜಾರು, ಸರಿಮಾಡಿಸುತ್ತಿದ್ದರು. ಆ ಆರೈಕೆ ನಿಂತ ಮನೆಗಳ ಗತಿ ಏನಾಗುತ್ತದೆ ಎಂದು 2019ರ ಆಗಸ್ಟ್ ಮಳೆಯಲ್ಲಿ ನಾವು ನೋಡಿದ್ದೇವೆ. ಆ ಸಲ ಆರೈಕೆ ಇದ್ದ ಮನೆಗಳೂ ಉಳಿಯಲಿಲ್ಲ ಎನ್ನುವುದನ್ನೂ ಹೇಳಬೇಕು. ದಿನಗಟ್ಟಲೆ ಬಿಡದೆ ಸುರಿದ ನೀರಿಗೆ ಮಣ್ಣಿನ ಗೋಡೆ ಎಷ್ಟೆಂದು ತಾಳೀತು?

ಸಿಮೆಂಟಿನ ಮಾಳಿಗೆ ಬಂದ ಮೇಲೆ ಈ ವಾಟದ ಲಕ್ಷ್ಯ ಹೋಯಿತು. ಹುಬ್ಬಳ್ಳಿಯಲ್ಲಿ ನನ್ನ ತಮ್ಮನ ಮನೆಯ ಪಡಸಾಲೆಯಲ್ಲಿ ಫ್ಯಾನಿನ ಕೊಂಡಿಯಿಂದ ನೀರು ಜಿನುಗುತ್ತಿತ್ತು. ವಿದ್ಯುತ್ ತಂತಿಯ ಕೊಳವೆಯೊಳಗೆ ನೀರು ಹರಿದರೆ ಪ್ರಾಣಾಪಾಯ. ಮೊದಲು ಆ ಕೋಣೆಯ ಸ್ವಿಚ್ ಬಂದ್ ಮಾಡಿಸಿದೆ. ಮಳೆ ನಿಂತು ಒಂದು ತಾಸಿನ ಬಳಿಕ ಸೀಮೆಸುಣ್ಣ ಹಿಡಿದು ಮೇಲೆ ಹೋಗಿ, ನೀರು ನಿಂತಲ್ಲೆಲ್ಲ ಗುರುತು ಹಾಕಿದೆ. ಫ್ಯಾನಿನ ನೇರಕ್ಕೆ ಮೇಲೆ ಹನಿ ನೀರಿರಲಿಲ್ಲ. ಕೆರೆಯಂತೆ ನಿಂತದ್ದು ಆಚೆ ಕುಂಬಿ ಗೋಡೆಯ ಬುಡದಲ್ಲಿ. ಅಲ್ಲಿ ಅರಳಿಯ ಸಸಿಯೊಂದು ಬೇರು ಬಿಟ್ಟಿತ್ತು, ನೀರು ಹೋಗಬೇಕಾದ ಕೊಳವೆಯ ಬಾಯಿ ನೆಲಕ್ಕಿಂತ ಮೇಲಿತ್ತು. ಬೇರಿನ ಸಂದಿನಿಂದ ಇಳಿದ ನೀರು ಗಿಲಾವು ಮತ್ತು ಸ್ಲ್ಯಾಬಿನ ನಡುವೆ ಹರಿದು, ದಾರಿ ಸಿಕ್ಕಲ್ಲಿ ಅಂದರೆ ಫ್ಯಾನಿನ ತೂತಿನಲ್ಲಿ ಇಳಿದಿತ್ತು. ಖಚಿತ ಮಾಡಿಕೊಳ್ಳಲು ಆ ಭಾಗಕ್ಕೆ ಮಾತ್ರ ಮಣ್ಣಿನ ಒಡ್ಡು ಹಾಕಿ, ನೀರು ತುಂಬಿಸಿ ಒಂದು ದಿನ ಬಿಟ್ಟೆವು. ಕೊಂಡಿ ಮತ್ತೆ ಜಿನುಗಿತು.

ಗೌಂಡಿ ಅನುಭವಸ್ಥ. “ಅಕ್ಕೋರೆ, ಮೊದಲು ನೀರಿಗೆ ದಾರಿ, ಆಮೇಲೆ ಲೇಪನ” ಎಂದು ಆತನೇ ಹೇಳಿದ. ಕೊಳವೆಯ ಬಾಯಿ ತಗ್ಗಿಸಿದ, ಬೇರು ಪೂರ್ತಿ ತೆಗೆದ, ಹತ್ತು ಅಡಿಗೆ ಒಂದೂಕಾಲು ಅಂಗುಲದಂತೆ ವಾಟ ಕೊಟ್ಟ, ಕುಂಬಿ ಮತ್ತು ನೆಲ ಕೂಡುವಲ್ಲಿ ಮೂಲೆ ಉಳಿಯದಂತೆ ಗುಂಡಗೆ ಗಿಲಾವು ಮಾಡಿದ. ಎರೆಭೂಮಿ ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವುದರಿಂದ ಹುಬ್ಬಳ್ಳಿಯ ಎಷ್ಟೋ ಮನೆಗಳಲ್ಲಿ ಬಿರುಕು ಮತ್ತೆ ಬಾಯಿ ಬಿಡುತ್ತದೆ. ಅಂಥ ಬಿರುಕಿಗೆ ಬರೀ ಸಿಮೆಂಟು ತುಂಬಿದರೆ ಉಳಿಯದು, ಹಿಗ್ಗಿ ಕುಗ್ಗುವ ರಬ್ಬರಿನಂಥ ಸಾಮಗ್ರಿ ತುಂಬಬೇಕು.

ಈ ಕೆಲಸವನ್ನು ಮೇ ತಿಂಗಳಿಗೆ ಬಿಡಬೇಡಿ ಎಂದು ಕೈಮುಗಿದು ಕೇಳುತ್ತೇನೆ. ಕಡು ಬಿಸಿಲಿಗೆ ಹೊಸ ಗಿಲಾವು ಬೇಗ ಒಣಗಿ ಸೀಳುತ್ತದೆ. ಫೆಬ್ರವರಿಯೊಳಗೆ ಮಾಡಿಸಿ, ಒಂದು ವಾರವಾದರೂ ನೀರು ಕಟ್ಟಿ ಹದ ಮಾಡಿ, ಪೂರ್ತಿ ಒಣಗಿದ ಮೇಲೆ ಲೇಪನ ಬಳಿಯಿರಿ. ಕೊಳವೆಯ ಬಾಯಿಗೆ ಉಬ್ಬು ಜಾಳಿಗೆ ಹಾಕಿಸಿ. ಚಪ್ಪಟೆ ಜಾಳಿಗೆಯನ್ನು ಬೇವಿನ ಎಲೆಗಳೇ ಮುಚ್ಚಿಬಿಡುತ್ತವೆ. ಮಳೆಯೇ ಇಲ್ಲದ ಮಾರ್ಚಿನಲ್ಲೂ ಚಾವಣಿ ತೇವವಾಗಿದ್ದರೆ ಮಾಳಿಗೆಯನ್ನು ಬಿಟ್ಟು ನೀರಿನ ಟ್ಯಾಂಕು, ನಲ್ಲಿ ಕೊಳವೆಗಳನ್ನು ಪರೀಕ್ಷಿಸಿ.

ಈಗ ಬಹಳ ಮನೆಗಳಿಗೆ ಸೋಲಾರ್ ಬರುತ್ತಿದೆ. ಚೌಕಟ್ಟಿನ ಕಾಲುಗಳನ್ನು ನಿಲ್ಲಿಸಲು ಬರುವವರು ಲೇಪನದ ಮೇಲೆಯೇ ತೂತು ಕೊರೆದು ಬೋಲ್ಟು ಹಾಕಿ ಹೋಗುತ್ತಾರೆ, ಪ್ರತಿ ತೂತೂ ನೀರಿಗೆ ಬಾಗಿಲಾಗುತ್ತದೆ. ಅವರು ಬರುವ ಮೊದಲೇ ಕಾಂಕ್ರೀಟಿನ ಗಟ್ಟಿ ಪೀಠಗಳನ್ನು ಎತ್ತಿಸಿ, ಲೇಪನವನ್ನು ಪೀಠದ ಬದಿಗೂ ಏರಿಸಿ, ಬೋಲ್ಟು ಪೀಠಕ್ಕೆ ಮಾತ್ರ ಎಂದು ಕರಾರು ಮಾಡಿಕೊಳ್ಳಿ. ಪೀಠಗಳು ಕೊಳವೆಯ ಕಡೆಗೆ ಹರಿಯುವ ನೀರಿಗೆ ಅಡ್ಡ ಬರದಂತೆ ಜಾಗ ನೋಡಿ ಇಡಿಸಿ.