83 ಕಿಲೋದ ಗೆರೆ

ನನ್ನ ಎತ್ತರ 154 ಸೆಂಟಿಮೀಟರ್. ಇಷ್ಟು ಎತ್ತರದವರ ದೇಹತೂಕ ಸೂಚ್ಯಂಕ, ಅಂದರೆ ಬಿಎಂಐ, 35 ಎಂದು ಲೆಕ್ಕಕ್ಕೆ ಬರಬೇಕಾದರೆ ತೂಕ 83 ಕಿಲೋ ಇರಬೇಕು. 40 ಬರಬೇಕಾದರೆ ಸುಮಾರು 95 ಕಿಲೋ. ಹೋದ ವರ್ಷ ಚೌತಿ ಮುಗಿದ ಮೇಲೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ತೂಗಿಸಿಕೊಂಡಾಗ ನಾನು 91 ಕಿಲೋ ಇದ್ದೆ. ಎರಡು ಬಗೆಯ ಮಾತ್ರೆಯ ಜೊತೆಗೆ ರಾತ್ರಿ ಇನ್ಸುಲಿನ್ ತೆಗೆದುಕೊಂಡರೂ ಮೂರು ತಿಂಗಳ ಸರಾಸರಿ ಸಕ್ಕರೆ ತೋರಿಸುವ ಎಚ್‌ಬಿಎ1ಸಿ 9.4 ಇತ್ತು. ಕಣ್ಣಿನ ಡಾಕ್ಟರು ಒಮ್ಮೆ ಎಚ್ಚರಿಸಿದ್ದರು. ತೂಕ ಇಳಿಸುವ ಶಸ್ತ್ರಚಿಕಿತ್ಸೆಯ ಮಾತು ಬಂದದ್ದು ಹಾಗೆ. ಅದರ ಖರ್ಚು ಕೇಳಿದಾಗ ನನ್ನವರು ಮೊದಲು ಅಡಿಕೆ ದರ ನೆನೆಸಿಕೊಂಡರು, ಆಮೇಲೆ ವಿಮೆಯ ಕಾಗದ ಹುಡುಕಿದರು.

ಬೊಜ್ಜಿನ ಶಸ್ತ್ರಚಿಕಿತ್ಸೆಯ ಬಗ್ಗೆ ನಮ್ಮ ದೇಶದ ಆರೋಗ್ಯ ವಿಮೆಗಳಲ್ಲಿ ಒಂದೇ ಮಾದರಿಯ ಷರತ್ತು ಇರುತ್ತದೆ. ಅದನ್ನು ರೂಪಿಸಿದ್ದು ವಿಮಾ ನಿಯಂತ್ರಣ ಪ್ರಾಧಿಕಾರ. ವೈದ್ಯರ ಸಲಹೆ ಇರಬೇಕು, ವಯಸ್ಸು 18 ದಾಟಿರಬೇಕು, ಬಿಎಂಐ 40 ಅಥವಾ ಅದಕ್ಕಿಂತ ಹೆಚ್ಚಿರಬೇಕು. 35ರಿಂದ ಮೇಲಿದ್ದು 40ಕ್ಕಿಂತ ಕಡಿಮೆ ಇದ್ದರೆ ಜೊತೆಗೆ ಬೊಜ್ಜಿನಿಂದಾದ ಹೃದಯದ ಸ್ನಾಯುವಿನ ರೋಗವೋ, ಹೃದಯದ ರಕ್ತನಾಳದ ಕಾಯಿಲೆಯೋ, ನಿದ್ದೆಯಲ್ಲಿ ಉಸಿರು ಕಟ್ಟುವ ತೀವ್ರ ತೊಂದರೆಯೋ, ನಿಯಂತ್ರಣಕ್ಕೆ ಬಾರದ ಎರಡನೇ ಬಗೆಯ ಮಧುಮೇಹವೋ ಇರಬೇಕು. ಅದೂ ತೂಕ ಇಳಿಸುವ ಸೌಮ್ಯ ದಾರಿಗಳೆಲ್ಲ ಸೋತ ಮೇಲೆ. ಮಧುಮೇಹ ನನಗೆ ಇತ್ತು, ಪಾಲಿಸಿ ಮಾಡಿಸಿದ ಮೇಲೆ ಇಂಥ ಚಿಕಿತ್ಸೆಗೆ ಹಣ ಸಿಗಲು ಕಾಯಬೇಕಾದ ಅವಧಿಯೂ ಮುಗಿದಿತ್ತು. ಉಳಿದದ್ದು ಕೊನೆಯ ಮಾತು. ಪಥ್ಯ ಮಾಡಿದ್ದೆ, ನಡೆದಿದ್ದೆ, ತೂಕ ಇಳಿದು ನಿಂತಿರಲಿಲ್ಲ. ಇದನ್ನು ಕಂಡವರು ಮನೆಯವರು. ಕಾಗದದಲ್ಲಿ ತೋರಿಸುವುದು ಏನನ್ನು?

ಬಾಯಿ ಕಟ್ಟಿದರೆ ಸಾಕು ಎಂದು ಹೇಳದ ನೆಂಟರಿಲ್ಲ. ಮದುವೆ ಮನೆಯಲ್ಲಿ, ತಿಥಿಯ ಊಟದಲ್ಲಿ, ನನ್ನ ಬಾಳೆಲೆಯ ಮೇಲೆ ಏನಿದೆ ಎಂದು ನೋಡುವ ಕಣ್ಣುಗಳನ್ನು ಎಷ್ಟೋ ವರ್ಷ ಸಹಿಸಿದ್ದೇನೆ. ಹುಬ್ಬಳ್ಳಿಯ ಸರ್ಜನ್ ಕಾಗದದ ಮೇಲೆ ಜಠರದ ಚಿತ್ರ ಬರೆದು ವಿವರಿಸಿದರು. ಹಸಿವೆಯನ್ನು ಎಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ಹುಟ್ಟುವುದು ಜಠರದ ಮೇಲ್ಭಾಗದಲ್ಲಿ. ಪಥ್ಯದಿಂದ ತೂಕ ಇಳಿದಷ್ಟೂ ಅದರ ಪ್ರಮಾಣ ಏರುತ್ತದೆ, ದೇಹ ಕಳೆದುಕೊಂಡ ತೂಕವನ್ನು ಮರಳಿ ಕೇಳುತ್ತದೆ. ಸ್ಲೀವ್ ಶಸ್ತ್ರಚಿಕಿತ್ಸೆಯಲ್ಲಿ ಜಠರದ ಮುಕ್ಕಾಲು ಭಾಗಕ್ಕೂ ಹೆಚ್ಚು ಕತ್ತರಿಸಿ ತೆಗೆಯುವಾಗ ಆ ಮೇಲ್ಭಾಗವೂ ಹೋಗುತ್ತದೆ. ಇಷ್ಟು ಕೇಳಿದ ದಿನ ನನ್ನ ಎದೆಯ ಮೇಲಿನ ಭಾರ ಅರ್ಧ ಇಳಿಯಿತು. ದೇಹದ ಒಂದು ನಿಯಮಕ್ಕೆ ಅಷ್ಟು ವರ್ಷ ನನ್ನ ನಡತೆಯನ್ನು ದೂರಿದ್ದರು.

ದಾಖಲೆಗಾಗಿ ಸರ್ಜನ್ ನನ್ನನ್ನು ಆಹಾರತಜ್ಞೆಯ ಬಳಿ ಕಳಿಸಿದರು. ತಿಂಗಳಿಗೊಮ್ಮೆ ಬರಬೇಕು, ಪ್ರತಿ ಸಲವೂ ತೂಕ ಬರೆಸಿ ಸಹಿ, ಮೊಹರು ಹಾಕಿಸಿಕೊಳ್ಳಬೇಕು ಎಂದರು. ಶಿರಸಿಯಿಂದ ಮುಂಡಗೋಡ, ತಡಸದ ಮೇಲೆ ಹುಬ್ಬಳ್ಳಿಗೆ ಸುಮಾರು ನೂರು ಕಿಲೋಮೀಟರ್. ನಮ್ಮ ಜಿಲ್ಲೆಯ ಕರಾವಳಿಯವರು ಮಂಗಳೂರು, ಮಣಿಪಾಲ, ಗೋವಾ ಎಂದು ಓಡಿದರೆ ಘಟ್ಟದ ಮೇಲಿನ ನಾವು ಹುಬ್ಬಳ್ಳಿಗೆ ಓಡುತ್ತೇವೆ. ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು 2019ರಲ್ಲಿ ಜೋರಾಗಿ ಎದ್ದಾಗ ನನ್ನವರೂ ಮನವಿಗೆ ಸಹಿ ಹಾಕಿದ್ದರು.

ಆಹಾರತಜ್ಞೆ ಚಿಕ್ಕ ವಯಸ್ಸಿನ ಹುಡುಗಿ. ಮೊದಲ ಸಲ ಅವಳು ಕೊಟ್ಟ ಅಚ್ಚಿನ ಹಾಳೆಯಲ್ಲಿ ಓಟ್ಸ್, ಬ್ರೊಕೊಲಿ, ಮೊಟ್ಟೆಯ ಬಿಳಿಭಾಗ ಇದ್ದವು. "ನಮ್ಮದು ಮೊಟ್ಟೆ ತಿನ್ನದ ಮನೆ. ಬೆಳಿಗ್ಗೆ ತೆಳ್ಳೇವು, ಮಧ್ಯಾಹ್ನ ಅನ್ನ, ತಂಬುಳಿ" ಎಂದೆ. ಅವಳು ಹಾಳೆಯನ್ನು ಪಕ್ಕಕ್ಕಿಟ್ಟು, "ಅಕ್ಕ, ನೀವು ಏನು ಮಾಡುತ್ತೀರೋ ಅದನ್ನೇ ಹೇಳಿ, ನಾನು ಬರೆದುಕೊಳ್ಳುತ್ತೇನೆ" ಎಂದಳು. ಒಂದೆಲಗದ ತಂಬುಳಿಗೆ ಎಷ್ಟು ಕಾಯಿ ಹಾಕುತ್ತೀರಿ ಎಂದು ಕೇಳಿದಳು. ನಮ್ಮಲ್ಲಿ ಕಾಯಿಯನ್ನು ಅಳೆದು ಯಾರು ಹಾಕುತ್ತಾರೆ? ಮನೆಗೆ ಬಂದು ಹಿಡಿ ಕಾಯಿತುರಿಯನ್ನು ಪುಟ್ಟ ತಕ್ಕಡಿಯಲ್ಲಿ ಇಟ್ಟು ತೂಗಿದೆ. ಹಸಿ ಕಾಯಿ ನೂರು ಗ್ರಾಮಿಗೆ 350 ಕ್ಯಾಲೊರಿಯ ಆಸುಪಾಸು. ಬೆಂದ ಅನ್ನ ಅಷ್ಟೇ ತೂಕಕ್ಕೆ 130. ಹೀಗಿರುವಾಗ ಅನ್ನವೊಂದನ್ನೇ ಕಡಿಮೆ ಮಾಡಿಕೊಂಡು ಎಷ್ಟೋ ವರ್ಷ ಪಥ್ಯ ನಡೆಸಿದ ಹೆಂಗಸರು ನಮ್ಮ ಸುತ್ತ ಎಷ್ಟು ಮಂದಿ! ಯಾರೂ ಅವರಿಗೆ ಇದನ್ನು ಲೆಕ್ಕ ಮಾಡಿ ಹೇಳಿಲ್ಲ.

ತಂಬುಳಿ ಬಿಡಬೇಕಾಗಲಿಲ್ಲ. ಕಾಯಿ ಕಾಲು ಪಾಲಿಗೆ ಇಳಿಯಿತು, ಮಜ್ಜಿಗೆ ಹೆಚ್ಚಿತು, ಜೀರಿಗೆ, ಕಾಳುಮೆಣಸು ಇದ್ದಷ್ಟೇ ಇದ್ದವು. ತೆಳ್ಳೇವಿನ ಮೇಲಿನ ಜೋನಿ ಬೆಲ್ಲ ಹೋಯಿತು, ತುಪ್ಪ ಒಂದು ಚಮಚಕ್ಕೆ ನಿಂತಿತು. ಕಷ್ಟವಾದದ್ದು ಪ್ರೋಟೀನು. ದಿನಕ್ಕೆ 60 ಗ್ರಾಂ ಎಂದರೆ ಸಸ್ಯಾಹಾರದ ಮನೆಯಲ್ಲಿ ಸಣ್ಣ ಮಾತಲ್ಲ. ಮೊಳಕೆ ಬಂದ ಹೆಸರುಕಾಳು, ಗಟ್ಟಿ ಮೊಸರು, ಪನೀರು, ಸೋಯಾ ಎಲ್ಲ ಸೇರಿಸಿದರೂ ಕೊರತೆ ಬೀಳುತ್ತಿತ್ತು. ಪುಡಿಯ ಡಬ್ಬ ತರಲೇಬೇಕಾಯಿತು. ತಿಂದದ್ದನ್ನೆಲ್ಲ ಬರೆಯಲು ಮಗಳ ಹಳೆಯ ನೋಟುಬುಕ್ಕು ಸಿಕ್ಕಿತು. ಹಿಂದಿನ ಪುಟಗಳಲ್ಲಿ ಅವಳ ಬೀಜಗಣಿತ, ಮುಂದಿನ ಪುಟಗಳಲ್ಲಿ ನನ್ನ ಊಟ.

ಅಡಿಕೆ ಕೊಯ್ಲಿನ ದಿನಗಳಲ್ಲಿ ಪಥ್ಯ ಹಿಡಿದಿಡುವುದು ಎಷ್ಟು ಕಷ್ಟ ಎಂಬುದು ತೋಟದ ಮನೆಯವರಿಗೆ ಗೊತ್ತು. ಅಡಿಕೆ ಗೊನೆ ಇಳಿಸುವ ಕೊನೆಗೌಡ ಬಂದ ದಿನ ಬೆಳಗಿನಿಂದ ಒಲೆ ಆರುವುದಿಲ್ಲ. ರಾತ್ರಿ ಅಡಿಕೆ ಸುಲಿಯಲು ಕೂತವರಿಗೆ ಹತ್ತು ಗಂಟೆಗೆ ಚಹಾ, ಅವಲಕ್ಕಿ. ಎಲ್ಲರಿಗೂ ಮಾಡಿ ಬಡಿಸಿ, ತಾನು ಒಂದು ಬಟ್ಟಲು ಹೆಸರುಕಾಳಿನೊಂದಿಗೆ ಕೂರುವಾಗ ಮೈಯ ದಣಿವು ಬೇರೆಯದನ್ನೇ ಕೇಳುತ್ತದೆ. ಅತ್ತೆಗೆ ಮೊದಮೊದಲು ಶಸ್ತ್ರಚಿಕಿತ್ಸೆಯೇ ಒಪ್ಪಿಗೆ ಇರಲಿಲ್ಲ. ಆದರೆ ಸುಗ್ಗಿಯ ನಡುವೆ ಒಂದು ರಾತ್ರಿ, "ತಂಗಿ, ನೀನು ಮೊದಲು ಉಂಡು ಬಾ. ಇವರಿಗೆ ಚಹಾ ನಾನು ಕೊಡುತ್ತೇನೆ" ಎಂದು ನನ್ನನ್ನು ಒಳಗೆ ಕಳಿಸಿದರು. ಅಂದಿನಿಂದ ರಾತ್ರಿಯ ಚಹಾ ಅವರದೇ ಆಯಿತು. ಆ ಪಥ್ಯ ನಡೆದದ್ದು ಅವರಿಂದ.

ತೂಕ ಇಳಿಯತೊಡಗಿತು. 91 ಇದ್ದದ್ದು 89 ಆಯಿತು, 87 ಆಯಿತು. ಸಂತೋಷಪಡಬೇಕಾದ ಹೊತ್ತಿನಲ್ಲಿ ನನಗೆ ಭಯ ಹತ್ತಿತು. 83ರ ಕೆಳಗೆ ಹೋದರೆ ಬಿಎಂಐ 35 ಇರುವುದಿಲ್ಲ, ಆಗ ವಿಮೆಯೂ ಇಲ್ಲ. ಸಕ್ಕರೆ ಚೆನ್ನಾಗಿ ಇಳಿದರೆ ನಿಯಂತ್ರಣಕ್ಕೆ ಬಾರದ ಮಧುಮೇಹ ಎಂದು ಹೇಳುವಂತಿಲ್ಲ. ಪಥ್ಯವನ್ನು ನಿಷ್ಠೆಯಿಂದ ಮಾಡಿದವಳಿಗೆ ಚಿಕಿತ್ಸೆ ತಪ್ಪಿಹೋಗುವುದಾದರೆ ಇದು ಎಂಥ ನಿಯಮ? ತಕ್ಕಡಿಯ ಮುಳ್ಳು ಇಳಿದರೂ ಹೆದರಿಕೆ, ಏರಿದರೂ ಹೆದರಿಕೆ. ಪರಿಚಯದವರೊಬ್ಬರು, ತೂಗುವ ದಿನ ಹೊಟ್ಟೆ ತುಂಬ ನೀರು ಕುಡಿದು ಹೋಗು ಎಂದು ಸಲಹೆ ಕೊಟ್ಟರು. ನನಗೆ ಮನಸ್ಸು ಬರಲಿಲ್ಲ. ಸರ್ಜನ್‌ಗೆ ನೇರವಾಗಿ ಕೇಳಿದೆ. "ಏನನ್ನೂ ಮುಚ್ಚಿಡಬೇಡಿ, ಏನನ್ನೂ ಸೇರಿಸಬೇಡಿ. ಮೊದಲ ದಿನದ ಎತ್ತರ, ತೂಕ ದಾಖಲಾಗಿದೆ. ಪಥ್ಯದಿಂದ ಎಷ್ಟು ಇಳಿಯಿತು, ಎಲ್ಲಿ ನಿಂತಿತು ಎರಡನ್ನೂ ಪತ್ರದಲ್ಲಿ ಬರೆಯುತ್ತೇನೆ" ಎಂದರು. ತೂಕ 86ಕ್ಕೆ ಬಂದು ಅಲ್ಲೇ ನಿಂತುಬಿಟ್ಟಿತು. ಎಚ್‌ಬಿಎ1ಸಿ 8.1. ನೋಟುಬುಕ್ಕಿನಲ್ಲಿ ಊಟ ಮೊದಲಿನಷ್ಟೇ ಶಿಸ್ತಾಗಿತ್ತು, ದೇಹ ಮಾತ್ರ ಮುಂದೆ ಕದಲಲಿಲ್ಲ.

ಅಮೆರಿಕದಲ್ಲಿ ಈ ಪಥ್ಯದ ಷರತ್ತು ಇನ್ನೂ ಬಿಗಿ. ಅಲ್ಲಿನ ಅನೇಕ ವಿಮಾ ಕಂಪನಿಗಳು ವೈದ್ಯರ ಮೇಲ್ವಿಚಾರಣೆಯಲ್ಲಿ ಮೂರರಿಂದ ಆರು ತಿಂಗಳು ಸತತವಾಗಿ ಪಥ್ಯ ಮಾಡಿದ ದಾಖಲೆ ಕೇಳುತ್ತವೆ. ಅಲ್ಲಿನ ಬೇರಿಯಾಟ್ರಿಕ್, ಅಂದರೆ ಬೊಜ್ಜಿನ ಶಸ್ತ್ರಚಿಕಿತ್ಸೆ ಮಾಡುವ, ಸರ್ಜನ್ನರ ಸಂಘವೇ 2016ರಲ್ಲಿ, ಇಂಥ ಕಡ್ಡಾಯ ಪಥ್ಯದಿಂದ ಶಸ್ತ್ರಚಿಕಿತ್ಸೆಯ ಫಲ ಹೆಚ್ಚುತ್ತದೆ ಎನ್ನಲು ಆಧಾರವಿಲ್ಲ, ಚಿಕಿತ್ಸೆ ತಡವಾಗುತ್ತದೆ ಎಂದು ಸ್ಪಷ್ಟವಾಗಿ ಬರೆಯಿತು. 2022ರಲ್ಲಿ ಅದೇ ಸಂಘ ಅಂತಾರಾಷ್ಟ್ರೀಯ ಒಕ್ಕೂಟದ ಜೊತೆ ಸೇರಿ, ಬಿಎಂಐ 35 ದಾಟಿದವರಿಗೆ ಬೇರೆ ಕಾಯಿಲೆ ಇರಲಿ, ಬಿಡಲಿ, ಶಸ್ತ್ರಚಿಕಿತ್ಸೆ ಸೂಕ್ತ ಎಂದಿತು. ಏಷ್ಯಾದವರಲ್ಲಿ ಕಡಿಮೆ ತೂಕಕ್ಕೇ ಮಧುಮೇಹ ಅಂಟುವುದರಿಂದ ಅವರಿಗೆ ಗೆರೆ ಇನ್ನೂ ಕೆಳಗಿರಬೇಕು ಎಂದೂ ಹೇಳಿತು. ವೈದ್ಯಶಾಸ್ತ್ರ ಅಷ್ಟು ಮುಂದೆ ಹೋಗಿದ್ದರೂ ನನ್ನ ಪಾಲಿಸಿಯ ಪುಟದಲ್ಲಿ 35, 40 ಹಾಗೆಯೇ ಇವೆ. ಇದು ಬದಲಾಗಲೇಬೇಕು. ನಾನು 82 ಕಿಲೋದವಳಾಗಿದ್ದರೆ ನನ್ನ ಕಣ್ಣುಗಳಿಗೆ ಬಂದ ಅಪಾಯ ಕಡಿಮೆಯಾಗಿರುತ್ತಿತ್ತೇ?

ಸುಗ್ಗಿ ಮುಗಿದ ಮೇಲೆ ಆಸ್ಪತ್ರೆಯವರು ವಿಮಾ ಕಂಪನಿಗೆ ಕ್ಯಾಶ್‌ಲೆಸ್ ಕೋರಿಕೆ, ಅಂದರೆ ಹಣವನ್ನು ನೇರವಾಗಿ ಆಸ್ಪತ್ರೆಗೇ ಕೊಡಿ ಎಂಬ ಕೋರಿಕೆ, ಕಳಿಸಿದರು. ಇಂಥ ಕೋರಿಕೆಗೆ ಒಂದು ಗಂಟೆಯೊಳಗೆ ನಿರ್ಧಾರ ತಿಳಿಸಬೇಕೆಂದು ಪ್ರಾಧಿಕಾರದ 2024ರ ಮೇ ತಿಂಗಳ ಸುತ್ತೋಲೆ ಹೇಳುತ್ತದೆ. ಉತ್ತರ ಬೇಗನೇ ಬಂತು, ಪ್ರಶ್ನೆಯ ರೂಪದಲ್ಲಿ. ಮಧುಮೇಹ ಮೊದಲು ಪತ್ತೆಯಾದದ್ದು ಯಾವಾಗ, ಮೊದಲ ಚೀಟಿ ಎಲ್ಲಿ? ಹುಬ್ಬಳ್ಳಿಗೆ ಬರುವ ಮೊದಲು ತೂಕ ಇಳಿಸಲು ಮಾಡಿದ ಪ್ರಯತ್ನಗಳಿಗೆ ದಾಖಲೆ ಏನು? ಆಹಾರತಜ್ಞೆಯ ಹಾಳೆಗಳು ಹೋದ ಚೌತಿಯಿಂದ ಈಚಿನವು. ಅವರು ಕೇಳಿದ್ದು ಅದರ ಹಿಂದಿನ ವರ್ಷಗಳನ್ನು.

ಮರುದಿನ ಬೆಳಿಗ್ಗೆ ಪೇಟೆಯ ನಮ್ಮ ಡಾಕ್ಟರ ದವಾಖಾನೆಗೆ ಹೋದೆ. ಅವರಿಗೆ ಎಪ್ಪತ್ತು ದಾಟಿದೆ. ನನ್ನ ಬಾಣಂತನದಿಂದ ಹಿಡಿದು ಮಾವನ ಕೊನೆಯ ಜ್ವರದವರೆಗೆ ನಮ್ಮ ಮನೆಯ ಕಾಯಿಲೆಗಳೆಲ್ಲ ಅವರಿಗೆ ಗೊತ್ತು. ಕಂಪ್ಯೂಟರ್ ಇಲ್ಲ. ರೋಗಿಗೆ ಕೊಡುವ ಚೀಟಿ ಅಂಗೈಯಗಲದ್ದು. ಔಷಧ ಅಂಗಡಿ ತಲುಪಿದ ಮೇಲೆ ಅದು ಯಾರ ಮನೆಯಲ್ಲೂ ಉಳಿಯುವುದಿಲ್ಲ. ಪತ್ರ ಓದಿ ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. "ಕೂತುಕೊಳ್ಳಿ, ನೋಡೋಣ" ಎಂದು ಕಾಂಪೌಂಡರನ್ನು ಕರೆದು ಅಟ್ಟದ ಮೇಲಿನ ರಿಜಿಸ್ಟರುಗಳನ್ನು ಇಳಿಸಲು ಹೇಳಿದರು.

ಕೆಂಪು ಬಟ್ಟೆಯ ಬೆನ್ನಿನ ಉದ್ದನೆಯ ಪುಸ್ತಕಗಳು. ಮಳೆಗಾಲದ ತೇವಕ್ಕೆ ಅಂಚು ಉಬ್ಬಿದ್ದವು, ಕೆಲವು ಹಾಳೆ ಒಂದಕ್ಕೊಂದು ಅಂಟಿದ್ದವು. ಪ್ರತಿ ಪುಟದಲ್ಲೂ ಗೆರೆ ಎಳೆದು ದಿನಾಂಕ, ಹೆಸರು, ಊರು, ತೂಕ, ರಕ್ತದೊತ್ತಡ, ಸಕ್ಕರೆ, ಔಷಧ ಎಂದು ಮನೆ ಮಾಡಿದ್ದರು. ಹೊರಗೆ ಬೆಂಚಿನ ಮೇಲೆ ಜ್ವರದವರು ಕಾಯುತ್ತಿದ್ದರೂ ಒಬ್ಬರ ನಂತರ ಒಬ್ಬರನ್ನು ನೋಡುವ ಬಿಡುವಿನಲ್ಲಿ ಡಾಕ್ಟರು ಪುಟ ತಿರುವಿದರು. ಇನ್ನೊಂದು ಪುಸ್ತಕವನ್ನು ನಾನೂ ಕಾಂಪೌಂಡರೂ ಹಿಡಿದೆವು. 2016ರ ಪುಸ್ತಕದಲ್ಲಿ ನನ್ನ ಹೆಸರು ಸಿಕ್ಕಿತು. ನೀಲಿ ಶಾಯಿ, ತೂಕ 84, ಮುಂಜಾನೆಯ ಸಕ್ಕರೆ 168. ಔಷಧದ ಮನೆಯಲ್ಲಿ ಮಾತ್ರೆಯ ಹೆಸರಿನ ಕೆಳಗೆ ಸಣ್ಣ ಅಕ್ಷರದಲ್ಲಿ: ಪಥ್ಯ, ನಡಿಗೆ ಹೇಳಿದೆ. 2018ರಲ್ಲಿ ತೂಕ 81. ಪಕ್ಕದಲ್ಲಿ, ನಡೆಯುತ್ತಿದ್ದಾರೆ, ಒಳ್ಳೆಯದು. 2019ರಲ್ಲಿ 88, ಪಥ್ಯ ಮತ್ತೆ ಹೇಳಿದೆ. ಪುಟ ತಿರುವಿದಂತೆ ನಾನು ಮರೆತೇಹೋಗಿದ್ದ ನಡಿಗೆಗಳೆಲ್ಲ ದಿನಾಂಕ ಸಮೇತ ಎದುರಿಗೆ ಬಂದವು. 2018ರಲ್ಲಿ ಬೆಳಿಗ್ಗೆ ಐದಕ್ಕೆ ಎದ್ದು ಮುಖ್ಯರಸ್ತೆಯವರೆಗೆ ನಡೆದು ಬರುತ್ತಿದ್ದೆ. ಅದನ್ನು ಒಬ್ಬರು ಬರೆದಿಟ್ಟಿದ್ದಾರೆ ಎಂದು ಕಂಡಾಗ ಗಂಟಲು ಕಟ್ಟಿತು.

ರಿಜಿಸ್ಟರಿನಲ್ಲಿ ಎತ್ತರದ ಮನೆ ಇರಲಿಲ್ಲ. ಆದ್ದರಿಂದ ಡಾಕ್ಟರು ಅಲ್ಲಿಯೇ ನನ್ನನ್ನು ಗೋಡೆಗೆ ನಿಲ್ಲಿಸಿ ಟೇಪಿನಿಂದ ಅಳೆದು, ತಮ್ಮ ಪತ್ರದಲ್ಲಿ ಅದನ್ನೂ ಬರೆದರು. ಯಾವ ವರ್ಷ ಎಷ್ಟು ತೂಕ, ಯಾವ ಸಲಹೆ, ಏನಾಯಿತು ಎಂದು ಕ್ರಮವಾಗಿ ಬರೆದು, ಕೊನೆಗೆ ನೋಂದಣಿ ಸಂಖ್ಯೆ, ಸಹಿ, ಮೊಹರು. ಪ್ರತಿಗಳನ್ನು ಮಾಡಿಸಿ, ಮೂಲ ಪುಸ್ತಕ ಬೇಕಾದರೆ ತೋರಿಸಲು ಸಿದ್ಧ ಎಂದೂ ಸೇರಿಸಿದರು. ಹಣ ಕೊಡಲು ಹೋದರೆ, "ಬರೆದದ್ದನ್ನು ಓದಿ ಹೇಳುವುದಕ್ಕೆ ಎಂಥ ಫೀಸು?" ಎಂದು ಮುಂದಿನ ರೋಗಿಯನ್ನು ಕರೆದರು. ಕಾಗದಗಳನ್ನು ಮೊಬೈಲಿನಲ್ಲಿ ಸ್ಕ್ಯಾನ್ ಮಾಡಿ ಮಗಳು ಆಸ್ಪತ್ರೆಗೆ ಕಳಿಸಿದಳು. ಒಪ್ಪಿಗೆ ಬಂತು.

ಶಸ್ತ್ರಚಿಕಿತ್ಸೆಗೆ ಮುಂಚಿನ ಕೊನೆಯ ಎರಡು ವಾರದ ಪಥ್ಯವನ್ನು ವಿಮೆಯವರು ಕೇಳಿದ್ದಲ್ಲ, ಸರ್ಜನ್ ಕೇಳಿದ್ದು. ಇವೆರಡನ್ನೂ ಒಂದೇ ಎಂದುಕೊಳ್ಳುವವರು ಬಹಳ. ನಮ್ಮಂಥವರ ಯಕೃತ್ತಿನಲ್ಲಿ ಕೊಬ್ಬು ತುಂಬಿ ಅದು ಊದಿಕೊಂಡು ಜಠರದ ಮೇಲೆ ಚಾಚಿಕೊಂಡಿರುತ್ತದೆ. ಹೊಟ್ಟೆಯೊಳಗೆ ತೂರಿಸಿದ ಪುಟ್ಟ ಕ್ಯಾಮೆರಾದ ಮೂಲಕ ನೋಡಿ ಕೆಲಸ ಮಾಡುವ ಸರ್ಜನ್‌ಗೆ ಅದನ್ನು ಪಕ್ಕಕ್ಕೆ ಸರಿಸುವುದು ಕಷ್ಟ. ದಿನಕ್ಕೆ 800ರಿಂದ 1000 ಕ್ಯಾಲೊರಿ, ಪಿಷ್ಟ ಕಡಿಮೆ, ಪ್ರೋಟೀನು ಹೆಚ್ಚು. ಎರಡು ವಾರದಲ್ಲಿ ಯಕೃತ್ತು ಕುಗ್ಗುತ್ತದೆ. ಸಕ್ಕರೆ ತೀರಾ ಇಳಿಯಬಾರದೆಂದು ಇನ್ಸುಲಿನ್ನಿನ ಪ್ರಮಾಣವನ್ನು ಅವರೇ ಕಡಿಮೆ ಮಾಡಿದರು. ಹೀಗೆ ಕಾರಣ ತಿಳಿದು ಮಾಡಿದ ಪಥ್ಯ ನನಗೆ ಒಂದು ದಿನವೂ ಶಿಕ್ಷೆ ಎನಿಸಲಿಲ್ಲ.

ಶಸ್ತ್ರಚಿಕಿತ್ಸೆ ಆಯಿತು. ಈಗ ತೂಕ 70. ಇನ್ಸುಲಿನ್ ನಿಂತಿದೆ, ಒಂದೇ ಮಾತ್ರೆ ಉಳಿದಿದೆ. ಸಣ್ಣ ಬಟ್ಟಲಿನಲ್ಲಿ ಮೊದಲು ಹೆಸರುಕಾಳು, ಆಮೇಲೆ ಪಲ್ಯ, ಜಾಗ ಉಳಿದರೆ ಎರಡು ತುತ್ತು ಅನ್ನ, ತಂಬುಳಿ. ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವ ಜೀವನಪೂರ್ತಿ. ಈ ಸಲದ ರಕ್ತಪರೀಕ್ಷೆಯಲ್ಲಿ ಬಿ12 ಕಡಿಮೆ ಬಂದಿದ್ದರಿಂದ ಇಂಜೆಕ್ಷನ್ ಶುರುವಾಗಿದೆ. ಅದಕ್ಕೆ ಹುಬ್ಬಳ್ಳಿಗೆ ಹೋಗಬೇಕಾಗಿಲ್ಲ, ನಮ್ಮ ಡಾಕ್ಟರೇ ಕೊಡುತ್ತಾರೆ. ಕೊಟ್ಟದ್ದನ್ನು ರಿಜಿಸ್ಟರಿನಲ್ಲಿ ಬರೆದು, ಅದೇ ಸಾಲನ್ನು ಇನ್ನೊಂದು ದೊಡ್ಡ ಹಾಳೆಯ ಮೇಲೆ ಬರೆದು ಮೊಹರು ಹಾಕಿ ನನ್ನ ಕೈಗೂ ಕೊಡುತ್ತಾರೆ. ಸಕ್ಕರೆ ಕಾಯಿಲೆಯವರಿಗೆಲ್ಲ ಈಗ ಹಾಗೆಯೇ ಕೊಡುತ್ತಿದ್ದಾರಂತೆ.