ಡೂಡಲ್ ನಾಯಿ ಸಾಕುವವರಿಗೆ ಗ್ರೂಮಿಂಗ್ ಟೇಬಲ್‌ನಿಂದ ನಾಲ್ಕು ಮಾತು

"ಕೂದಲು ಉದುರಲ್ಲ ಅಂದ್ರು, ಅದಕ್ಕೇ ತಗೊಂಡ್ವಿ." ನಮ್ಮ ಗ್ರೂಮಿಂಗ್ ಅಂಗಡಿಯ ಕೌಂಟರ್‌ನಲ್ಲಿ ನಾನು ಅತಿ ಹೆಚ್ಚು ಕೇಳುವ ಮಾತು ಇದು. ಬೆಂಗಳೂರಿನ ಅಪಾರ್ಟ್‌ಮೆಂಟ್‌ಗಳಲ್ಲಿ ಈಗ ಪೂಡಲ್ ಮಿಶ್ರ ತಳಿಯ ನಾಯಿಗಳು ಜಾಸ್ತಿ ಆಗಿವೆ. ಪೂಡಲ್ ಜೊತೆ ಮಾಲ್ಟೀಸ್ ಸೇರಿದರೆ ಮಾಲ್ಟಿಪೂ, ಕ್ಯಾವಲಿಯರ್ ಸ್ಪೇನಿಯಲ್ ಸೇರಿದರೆ ಕ್ಯಾವಪೂ, ಕಾಕರ್ ಸೇರಿದರೆ ಕಾಕಪೂ, ಗೋಲ್ಡನ್ ರಿಟ್ರೀವರ್ ಸೇರಿದರೆ ಗೋಲ್ಡನ್‌ಡೂಡಲ್. ಕೆಲಸದ ಜಾಗದಲ್ಲಿ ನಾವು ಎಲ್ಲವನ್ನೂ ಡೂಡಲ್ ಅಂತಲೇ ಕರೆಯುತ್ತೇವೆ.

ಕೂದಲು ಉದುರಲ್ಲ ಅನ್ನುವುದು ಅರ್ಧ ನಿಜ. ಯಾವ ನಾಯಿಯ ಕೂದಲಾದರೂ ಬುಡ ಬಿಟ್ಟೇ ಬಿಡುತ್ತದೆ. ಲ್ಯಾಬ್ರಡಾರ್ ಕೂದಲು ನಿಮ್ಮ ಸೋಫಾ ಮೇಲೆ, ಪ್ಯಾಂಟ್ ಮೇಲೆ ಬೀಳುತ್ತದೆ. ಡೂಡಲ್ ಕೂದಲು ಗುಂಗುರು. ಬುಡ ಬಿಟ್ಟ ಕೂದಲು ನೆಲಕ್ಕೆ ಬೀಳದೆ ಪಕ್ಕದ ಕೂದಲಿಗೆ ಸುತ್ತಿಕೊಂಡು ಅಲ್ಲೇ ಕೂರುತ್ತದೆ. ಅದೇ ಸಿಕ್ಕು. ಮನೆ ಗುಡಿಸುವ ಕೆಲಸ ತಪ್ಪಿತು, ನಾಯಿ ಬಾಚುವ ಕೆಲಸ ಬಂತು, ಅಷ್ಟೇ ವ್ಯತ್ಯಾಸ. ಮಾರುವವರು ಮೊದಲನೆಯದನ್ನು ಮಾತ್ರ ಹೇಳಿರುತ್ತಾರೆ.

ಅಲರ್ಜಿ ವಿಷಯವೂ ಹಾಗೆಯೇ. ಅಲರ್ಜಿ ತರುವುದು ಬರೀ ಕೂದಲಲ್ಲ, ನಾಯಿಯ ಜೊಲ್ಲು ಮತ್ತು ಚರ್ಮದ ಹೊಟ್ಟು. ಲ್ಯಾಬ್ರಡೂಡಲ್ ಹುಟ್ಟಿದ ಕತೆಯಲ್ಲೇ ಇದಕ್ಕೆ ಉತ್ತರ ಇದೆ. ಆಸ್ಟ್ರೇಲಿಯಾದ ಮಾರ್ಗದರ್ಶಿ ನಾಯಿಗಳ ಸಂಸ್ಥೆಯಲ್ಲಿ ವಾಲಿ ಕಾನ್ರನ್ ಎಂಬುವರು ತಳಿ ನೋಡಿಕೊಳ್ಳುತ್ತಿದ್ದರು. ಹವಾಯಿಯ ಒಬ್ಬ ಅಂಧ ಮಹಿಳೆಗೆ ಮಾರ್ಗದರ್ಶಿ ನಾಯಿ ಬೇಕಿತ್ತು. ಆಕೆಯ ಗಂಡನಿಗೆ ನಾಯಿ ಅಲರ್ಜಿ. 1989ರಲ್ಲಿ ಕಾನ್ರನ್ ಲ್ಯಾಬ್ರಡಾರ್ ಮತ್ತು ಪೂಡಲ್ ಕೂಡಿಸಿ ಮೂರು ಮರಿ ಪಡೆದರು. ಮೂರರ ಕೂದಲು, ಜೊಲ್ಲನ್ನೂ ಹವಾಯಿಗೆ ಕಳಿಸಿದರು. ಆ ಗಂಡನಿಗೆ ಅಲರ್ಜಿ ಆಗದೇ ಇದ್ದದ್ದು ಒಂದು ಮರಿಯದ್ದರಿಂದ ಮಾತ್ರ. ಒಂದೇ ತಾಯಿ, ಒಂದೇ ಸೂಲು, ಆದರೂ ಹೀಗೆ. ಮನೆಯಲ್ಲಿ ಯಾರಿಗಾದರೂ ಅಲರ್ಜಿ ಇದ್ದರೆ ಮುಂಗಡ ಕೊಡುವ ಮುಂಚೆ ಅದೇ ಮರಿಯ ಜೊತೆ ಅವರನ್ನು ಒಂದೆರಡು ಗಂಟೆ ಕೂರಿಸಿ ನೋಡಿ. ಒಂದಕ್ಕಿಂತ ಹೆಚ್ಚು ಸಲ ಕೂರಿಸಿದರೆ ಇನ್ನೂ ಒಳ್ಳೆಯದು.

ಈ ಕೆಲಸಕ್ಕೆ ಸೇರಿದಾಗ ನಮ್ಮ ಸೀನಿಯರ್ ಹೇಳಿಕೊಟ್ಟ ಮೊದಲ ಪಾಠ: ನಾಯಿಯ ಲೀಶ್ ಕೈಗೆ ತಗೊಳ್ಳುವ ಮುಂಚೆ ಬಾಚಣಿಗೆ ಹಾಕು. ಅದೂ ಸಾಕುವವರ ಎದುರಿಗೇ. ಸಣ್ಣ ತಂತಿ ಹಲ್ಲುಗಳಿರುವ ಸ್ಲಿಕರ್ ಬ್ರಷ್ ಅಲ್ಲ, ಸ್ಟೀಲ್ ಬಾಚಣಿಗೆ. ಬ್ರಷ್ ಮೇಲೆ ಮೇಲೆ ಓಡಿಬಿಡುತ್ತದೆ. ನೋಡಲು ಕೂದಲು ಹೂವಿನ ಹಾಗೆ ಅರಳಿರುತ್ತದೆ, ಒಳಗೆ ಚರ್ಮಕ್ಕೆ ಅಂಟಿಕೊಂಡು ಸಿಕ್ಕು ಕಟ್ಟಿರುತ್ತದೆ.

ಒಮ್ಮೆ ಒಬ್ಬರು ವಯಸ್ಸಾದ ಅಮ್ಮ ಮಾಲ್ಟಿಪೂ ಎತ್ತಿಕೊಂಡು ಬಂದರು. ಶರ್ಟು ಹಾಕಿಸಿ, ಕ್ಲಿಪ್ ಹಾಕಿ, ಮುದ್ದಾಗಿ ಇಟ್ಟುಕೊಂಡಿದ್ದರು.

"ದಿನಾ ಬಾಚ್ತೀನಪ್ಪಾ. ಜಾಸ್ತಿ ಕತ್ತರಿಸ್ಬೇಡ, ಟೆಡ್ಡಿ ಥರ ಇರ್ಲಿ."

"ಆಗ್ಲಿ ಅಮ್ಮಾ. ಈ ಬಾಚಣಿಗೆ ತಗೊಂಡು ಕಿವಿ ಹಿಂದೆ ಒಂದ್ಸಲ ನೀವೇ ಬಾಚಿ ನೋಡಿ."

ಬಾಚಣಿಗೆ ಅರ್ಧ ಇಂಚು ಹೋಗಿ ನಿಂತಿತು. ಕಂಕುಳಲ್ಲೂ ನಿಂತಿತು. ಶರ್ಟು ಬಿಚ್ಚಿದರೆ ಎದೆಯ ಮೇಲೆಲ್ಲ ಬಟಾಣಿ ಗಾತ್ರದ ಗಂಟು. ಅವರು ಸುಳ್ಳು ಹೇಳಿರಲಿಲ್ಲ. ದಿನಾ ಬಾಚುತ್ತಿದ್ದದ್ದು ನಿಜ, ಬೆನ್ನು ಮಾತ್ರ. ಬೆನ್ನಿಗೆ ಸಿಕ್ಕು ಕಟ್ಟುವುದು ಕಡಿಮೆ. ಕಟ್ಟುವುದು ಉಜ್ಜುವ ಜಾಗದಲ್ಲಿ: ಕಿವಿಯ ಹಿಂದೆ, ಕಾಲರ್ ಕೆಳಗೆ, ಹಾರ್ನೆಸ್ ಪಟ್ಟಿ ಬರುವ ಕಡೆ, ಕಂಕುಳು, ತೊಡೆ ಸಂದಿ, ಬೆರಳುಗಳ ಮಧ್ಯೆ. ಇಡೀ ದಿನ ಶರ್ಟು ಹಾಕಿದರೆ ಮೈಯೆಲ್ಲ ಉಜ್ಜುವ ಜಾಗವೇ.

ಇಂಥ ನಾಯಿಯನ್ನು ಟೆಡ್ಡಿ ಥರ ಮಾಡಲು ಯಾರ ಕೈಯಲ್ಲೂ ಆಗಲ್ಲ. ಉದ್ದ ಕೂದಲು ಬಿಡಬೇಕಾದರೆ ಕತ್ತರಿಸುವ ಮೆಷಿನ್‌ಗೆ ಹಾಕುವ ಬಾಚಣಿಗೆ ಕೂದಲಿನೊಳಗೆ ಓಡಾಡಬೇಕು. ಸಿಕ್ಕಿನಲ್ಲಿ ಅದು ಓಡುವುದಿಲ್ಲ. ಬ್ಲೇಡು ಸಿಕ್ಕಿನ ಕೆಳಗೆ, ಚರ್ಮದ ಪಕ್ಕದಲ್ಲೇ ಹೋಗಬೇಕು. ನಂಬರ್ 7 ಬ್ಲೇಡು ಹೋದರೆ ಮೈಮೇಲೆ ಉಳಿಯುವುದು 3 ಮಿಲಿಮೀಟರ್ ಚಿಲ್ಲರೆ. ಅದೂ ಹೋಗದಿದ್ದರೆ ನಂಬರ್ 10, ಆಗ ಒಂದೂವರೆ ಮಿಲಿಮೀಟರ್. ಸಿಕ್ಕು ಒಂದೇ ತುಂಡಾಗಿ ಕಳಚಿ ಬರುತ್ತದೆ. ಕೆಳಗೆ ಚರ್ಮ ಕೆಂಪಾಗಿರುತ್ತದೆ, ಕೆಲವು ಸಲ ಹಸಿ ಗಾಯ, ಕೆಲವು ಸಲ ರಕ್ತ ಹೀರುವ ಉಣ್ಣೆ ಹುಳ. ಕಿವಿಯಂತೂ ಇನ್ನೂ ಸೂಕ್ಷ್ಮ. ಬಿಗಿದಿದ್ದ ಗಂಟು ತೆಗೆದ ಕೂಡಲೇ ರಕ್ತ ಓಡಿ ನವೆ ಶುರುವಾಗುತ್ತದೆ. ನಾಯಿ ತಲೆ ಒದರುತ್ತದೆ. ಒದರಿ ಒದರಿ ಕಿವಿಯ ಹಾಲೆಯಲ್ಲಿ ರಕ್ತ ತುಂಬಿ ಊದಿಕೊಂಡದ್ದೂ ಇದೆ. ಹಾಗಾಗಿ ಗಂಟು ತೆಗೆದ ಮೇಲೆ ತಲೆಗೆ ಮೆತ್ತನೆಯ ಬಟ್ಟೆ ಪಟ್ಟಿ ಹಾಕಿ ಸ್ವಲ್ಪ ಹೊತ್ತು ಕಿವಿ ಅಲುಗಾಡದಂತೆ ನೋಡಿಕೊಳ್ಳುತ್ತೇವೆ.

"ಸಿಕ್ಕು ಬಿಡಿಸಿ, ಎಷ್ಟಾದ್ರೂ ಕೊಡ್ತೀವಿ" ಅನ್ನುವವರೂ ಇದ್ದಾರೆ. ಚಿಕ್ಕ ಗಂಟಾದರೆ ಬಿಡಿಸುತ್ತೇನೆ. ಮೈಯೆಲ್ಲ ಇದ್ದರೆ ಒಪ್ಪುವುದಿಲ್ಲ. ನಿಮ್ಮ ತಲೆಕೂದಲನ್ನು ಯಾರೋ ಮೂರು ಗಂಟೆ ಎಳೆದರೆ ಸುಮ್ನೆ ಕೂರುತ್ತೀರಾ? ಕೂದಲು ಮತ್ತೆ ಬರುತ್ತದೆ. ಟೇಬಲ್ ಮೇಲಿನ ಭಯ ಅಷ್ಟು ಸುಲಭಕ್ಕೆ ಹೋಗುವುದಿಲ್ಲ.

ಮರಿಯಾಗಿದ್ದಾಗ ಈ ಕಾಟ ಕಾಣುವುದಿಲ್ಲ. ಸುಮಾರು 6 ತಿಂಗಳಿಂದ ಒಂದು ವರ್ಷದೊಳಗೆ ಮರಿಕೂದಲು ಹೋಗಿ ದೊಡ್ಡ ನಾಯಿಯ ಕೂದಲು ಬರುತ್ತದೆ. ಎರಡೂ ಒಟ್ಟಿಗೆ ಇರುವ ಆ ಕಾಲದಲ್ಲಿ ರಾತ್ರಿ ಬೆಳಗಾಗುವುದರೊಳಗೆ ಸಿಕ್ಕು. "ಮೊನ್ನೆವರೆಗೂ ಚೆನ್ನಾಗೇ ಇತ್ತು" ಅಂತ ಜನ ಹೇಳಿದರೆ ನಾನು ನಂಬುತ್ತೇನೆ. ಆ ಕಾಲದಲ್ಲಿ ದಿನಾ ಬಾಚಬೇಕು. ಆಮೇಲೆ ದಿನ ಬಿಟ್ಟು ದಿನ ಸಾಕು, 6ರಿಂದ 8 ವಾರಕ್ಕೊಮ್ಮೆ ಕಟಿಂಗ್.

ಬಾಚುವ ರೀತಿ ಹೀಗೆ. ಒಂದು ಕೈಯಲ್ಲಿ ಕೂದಲನ್ನು ಮೇಲಕ್ಕೆ ಒತ್ತಿ ಹಿಡಿಯಿರಿ. ಚರ್ಮದ ಗೆರೆ ಕಾಣಬೇಕು. ಆ ಗೆರೆಯಿಂದ ಸ್ವಲ್ಪ ಸ್ವಲ್ಪವೇ ಕೂದಲು ಕೆಳಗೆ ಬಿಡುತ್ತಾ ಬ್ರಷ್ ಮಾಡಿ, ನಂತರ ಬಾಚಣಿಗೆ ಬುಡದಿಂದ ತುದಿವರೆಗೆ ಹೋಗುತ್ತಾ ನೋಡಿ. ಹೋದರೆ ಮುಗಿಯಿತು. ಸ್ನಾನ ಯಾವಾಗಲೂ ಬಾಚಿದ ಮೇಲೆ. ಸಿಕ್ಕಿನ ಮೇಲೆ ನೀರು ಬಿದ್ದು ಒಣಗಿದರೆ ಗಂಟು ಇನ್ನೂ ಬಿಗಿಯುತ್ತದೆ. ಮಳೆಗಾಲದಲ್ಲಿ ವಾಕಿಂಗ್‌ನಿಂದ ನೆನೆದು ಬಂದ ನಾಯಿಯನ್ನು ಟವೆಲ್‌ನಲ್ಲಿ ಉಜ್ಜಿ ಬಿಟ್ಟುಬಿಡುತ್ತಾರೆ. ಉಜ್ಜಬೇಡಿ, ಒತ್ತಿ ನೀರು ತೆಗೆಯಿರಿ. ಕಡಿಮೆ ಬಿಸಿಯ ಡ್ರೈಯರ್ ಹಿಡಿದು ಬುಡದವರೆಗೆ ಒಣಗಿಸಿ.

ಡೂಡಲ್‌ಗಳ ಬುದ್ಧಿ ಬಗ್ಗೆ ಎಲ್ಲರೂ ಹೊಗಳುತ್ತಾರೆ. ನಿಜವೇ. ಪೂಡಲ್ ಮೂಲದಲ್ಲಿ ನೀರಿಗೆ ಹಾರಿ ಬೇಟೆಯ ಬಾತು ತರುತ್ತಿದ್ದ ನಾಯಿ, ಶೋಕಿಗೆ ಹುಟ್ಟಿದ್ದಲ್ಲ. ಆದರೆ ಒಳ್ಳೆಯ ಪಾಠ ಕಲಿತಷ್ಟೇ ಬೇಗ ಕೆಟ್ಟ ಪಾಠವನ್ನೂ ಕಲಿಯುತ್ತದೆ. ಕಾಲು ಎಳೆದುಕೊಂಡಾಗ ಬಾಚುವುದು ನಿಲ್ಲಿಸಿದಿರಿ ಅನ್ನಿ, ಎಳೆದರೆ ಬಿಡುತ್ತಾರೆ ಅಂತ ಒಂದೇ ಸಲಕ್ಕೆ ಗೊತ್ತಾಗುತ್ತದೆ. ಮುಂದಿನ ಸಲ ಎಳೆಯುತ್ತದೆ, ಅದರ ಮುಂದಿನ ಸಲ ಹಲ್ಲು ತೋರಿಸುತ್ತದೆ. ಒಂದು ಕ್ಷಣ ಸುಮ್ನೆ ನಿಂತಾಗ ನಿಲ್ಲಿಸಿ, ಆಗ ತಿಂಡಿ ಕೊಡಿ. ಗಂಡ ಹೆಂಡತಿ ಇಬ್ಬರೂ ಆಫೀಸಿಗೆ ಹೋದರೆ ಇದು ಇಡೀ ದಿನ ಒಂಟಿಯಾಗಿ ಇರುವ ನಾಯಿಯೂ ಅಲ್ಲ. ಬೊಗಳುತ್ತದೆ, ಅಪಾರ್ಟ್‌ಮೆಂಟ್ ವಾಟ್ಸಾಪ್ ಗುಂಪಿನಲ್ಲಿ ದೂರು ಬರುತ್ತದೆ.

ಮಿಶ್ರ ತಳಿಗೆ ಕಾಯಿಲೆ ಬರಲ್ಲ ಅನ್ನುವ ಮಾತನ್ನೂ ನಂಬಬೇಡಿ. ಕ್ಯಾವಲಿಯರ್ ಕಡೆಯಿಂದ ಹೃದಯದ ಕವಾಟದ ತೊಂದರೆ ಬರಬಹುದು, ಚಿಕ್ಕ ಪೂಡಲ್ ಮತ್ತು ಮಾಲ್ಟೀಸ್ ಕಡೆಯಿಂದ ಮಂಡಿಚಿಪ್ಪು ಜಾರುವುದು. ನಡೆಯುತ್ತಾ ನಡೆಯುತ್ತಾ ಹಿಂಗಾಲು ಎತ್ತಿ ನಾಲ್ಕು ಹೆಜ್ಜೆ ಕುಂಟಿ ಮತ್ತೆ ಸರಿಹೋದರೆ ಡಾಕ್ಟರ್‌ಗೆ ತೋರಿಸಿ. ಅಂಗಾಲಿನ ಕೂದಲು ಬೆಳೆದರೆ ನುಣುಪು ಟೈಲ್ಸ್ ಮೇಲೆ ಕಾಲು ಇನ್ನೂ ಜಾರುತ್ತದೆ, ಅದನ್ನು ಚಿಕ್ಕದಾಗಿ ಕತ್ತರಿಸಿಡಿ. ಕಿವಿ ಹುಳಿ ವಾಸನೆ ಬಂದರೆ ಬಡ್ಸ್ ಹಾಕಬೇಡಿ, ಡಾಕ್ಟರ್ ಹತ್ತಿರ ಹೋಗಿ. ಇನ್ನೊಂದು, ಕೇಸರಿಬಾತ್‌ನಲ್ಲಿರುವ ದ್ರಾಕ್ಷಿ ನಾಯಿಯ ಕಿಡ್ನಿಗೆ ವಿಷ. ಅಜ್ಜ ಅಜ್ಜಿಗೆ ಇದನ್ನು ಬಿಡಿಸಿ ಹೇಳಬೇಕು, ಅವರು ಪ್ರೀತಿಯಿಂದಲೇ ಕೊಟ್ಟುಬಿಡುತ್ತಾರೆ.

ಮರಿ ತಂದವರು ಮೊದಲ ಕಟಿಂಗ್‌ಗೆ ಕಾಯಬೇಡಿ. ಲಸಿಕೆಗಳು ಮುಗಿದ ಮೇಲೆ ಡಾಕ್ಟರ್ ಸರಿ ಅಂದರೆ ಸುಮ್ನೆ ಒಮ್ಮೆ ಕರೆದುಕೊಂಡು ಬನ್ನಿ. ಟೇಬಲ್ ಮೇಲೆ ನಿಲ್ಲಲಿ, ಡ್ರೈಯರ್ ಸದ್ದು ದೂರದಿಂದ ಕೇಳಲಿ, ಒಂದು ಉಗುರು ಕತ್ತರಿಸಿ ಕಳಿಸುತ್ತೇವೆ. ಶನಿವಾರ, ಭಾನುವಾರ ಬೇಡ. ಆವತ್ತು ಎಲ್ಲ ಡ್ರೈಯರ್‌ಗಳೂ ಒಟ್ಟಿಗೆ ಓಡುತ್ತಿರುತ್ತವೆ. ವಾರದ ಮಧ್ಯೆ, ಬೆಳಗ್ಗೆ ಬನ್ನಿ. ಬರುವಾಗ ಮನೆಯ ಬಾಚಣಿಗೆಯನ್ನೂ ತನ್ನಿ, ಅದರಲ್ಲೇ ಹೇಗೆ ಬಾಚುವುದು ಅಂತ ತೋರಿಸಿಕೊಡುತ್ತೇನೆ.