ಕೂತು ಏಳುವ ಹೊತ್ತು

ಮಳೆಗಾಲದ ಬೆಳಿಗ್ಗೆ. ಪಾಚಿ ಕಟ್ಟಿದ ಹಿತ್ತಲ ಮೆಟ್ಟಿಲು, ಅಡಿ ಸವೆದ ಹವಾಯಿ ಚಪ್ಪಲಿ. ಕಾಲು ಮುಂದಕ್ಕೆ ಜಾರಿ, ಮೈಭಾರವೆಲ್ಲ ಬೆನ್ನೆಲುಬಿನ ಕೊನೆಯ ಪುಟ್ಟ ಮೂಳೆಯ ಮೇಲೆ ಬೀಳುತ್ತದೆ. ಕಣ್ಣು ಕತ್ತಲೆ. ಎರಡು ನಿಮಿಷ ಬಿಟ್ಟು ಎದ್ದು ನಡೆದರೆ, ಅಂಥದ್ದೇನೂ ಆಗಿಲ್ಲವಲ್ಲ ಅನ್ನಿಸುತ್ತದೆ. ಮೋಸವಿರುವುದೇ ಇಲ್ಲಿ. ತಿಂಡಿ ತಿಂದು ಕುರ್ಚಿಯಿಂದ ಏಳಹೊರಟಾಗ ಚುಳ್ ಎನ್ನುತ್ತದೆ.

ಈ ಬಾಲದ ಮೂಳೆ ಒಂದೇ ಮೂಳೆಯಲ್ಲ. ಸಾಮಾನ್ಯವಾಗಿ ನಾಲ್ಕು ಚಿಕ್ಕ ತುಂಡುಗಳ ಸಾಲು. ಡಾಕ್ಟರುಗಳು ಕಾಕ್ಸಿಕ್ಸ್ ಅನ್ನುತ್ತಾರೆ. ಕೋಗಿಲೆ ಜಾತಿಯ ಹಕ್ಕಿಯ ಕೊಕ್ಕಿನ ಹಾಗೆ ಬಾಗಿದೆಯೆಂದು ಗ್ರೀಕರಿಂದ ಬಂದ ಹೆಸರು. ಕುಂಡೆಯ ದೊಡ್ಡ ಸ್ನಾಯುವಿನ ಒಂದು ಭಾಗ ಇದಕ್ಕೇ ಅಂಟಿರುವುದರಿಂದ, ಏಳುವಾಗ ಸ್ನಾಯು ಬಿಗಿದು ಪೆಟ್ಟಾದ ಜಾಗವನ್ನೇ ಎಳೆಯುತ್ತದೆ.

ಮೊದಲ ದಿನ ಎಣ್ಣೆ ಹಚ್ಚಿ ತಿಕ್ಕಬೇಡಿ, ಬಿಸಿನೀರಿನ ಶಾಖವೂ ಬೇಡ, ಊತ ಹೆಚ್ಚುತ್ತದೆ. ಐಸನ್ನು ಟವೆಲಿನಲ್ಲಿ ಸುತ್ತಿ, ಮಗ್ಗುಲಾಗಿ ಮಲಗಿ 15-20 ನಿಮಿಷ ಇಡಿ. ದಿನಕ್ಕೆ ಮೂರು ನಾಲ್ಕು ಸಲ, ಎರಡು ಮೂರು ದಿನ. ಶಾಖ ಆಮೇಲೆ.

ಕೂರುವುದೇ ದೊಡ್ಡ ಪಾಡು. ಮೂಲವ್ಯಾಧಿಯವರಿಗೆಂದು ಮಾರುವ ಟಯರಿನಂಥ ದಿಂಬು ಅನೇಕರಿಗೆ ಒಗ್ಗದು: ಅದರ ಹಿಂದಿನ ಅಂಚು ನೋವಿನ ಜಾಗಕ್ಕೇ ಒತ್ತಬಹುದು. ಹಿಂಬದಿ ಕತ್ತರಿಸಿ ತೆಗೆದ, ಲಾಳದ ಆಕಾರದ ದಿಂಬು ಬೇಕು. ಗಟ್ಟಿ ಫೋಮನ್ನು ಮನೆಯಲ್ಲೇ ಕತ್ತರಿಸಿಕೊಳ್ಳಬಹುದು; ಮೆತ್ತನೆಯದಾದರೆ ಭಾರಕ್ಕೆ ಚಪ್ಪಟೆಯಾಗಿ ಮೂಳೆ ಮತ್ತೆ ಕುರ್ಚಿಗೆ ತಾಗುತ್ತದೆ. ಸೋಫಾದಲ್ಲಿ ಹಿಂದಕ್ಕೆ ಒರಗಿ ಜಾರಿ ಕೂತರಂತೂ ಮುಗಿಯಿತು, ಭಾರವೆಲ್ಲ ಅಲ್ಲಿಗೇ. ಏಳುವಾಗ ಕುರ್ಚಿಯ ಅಂಚಿಗೆ ಸರಿದು, ಸೊಂಟದಿಂದ ಮುಂದೆ ಬಾಗಿ, ತೊಡೆಗೆ ಕೈಯೂರಿ ಏಳಿ. ಅರ್ಧ ಗಂಟೆಗೊಮ್ಮೆ ಎದ್ದು ಓಡಾಡಿ. ಬಸ್ಸಿನ ಹಿಂದಿನ ಸೀಟೂ ಸ್ಕೂಟರೂ ಸದ್ಯಕ್ಕೆ ದೂರ.

ಜನ ಹೇಳಿಕೊಳ್ಳದ ಕಷ್ಟ ಮಲಬದ್ಧತೆ. ಟ್ರಮಡಾಲ್‌ನಂಥ ನೋವಿನ ಮಾತ್ರೆ ಅದನ್ನು ಹೆಚ್ಚಿಸುತ್ತದೆ, ತಿಣುಕಿದಷ್ಟೂ ನೋವು. ಸೊಪ್ಪು, ಪಪ್ಪಾಯಿ, ಸಾಕಷ್ಟು ನೀರು ಮೊದಲ ದಿನದಿಂದಲೇ ಇರಲಿ.

ಬರೀ ಪೆಟ್ಟಾದರೆ ಸುಮಾರು 4 ವಾರ, ಮುರಿದಿದ್ದರೆ 8ರಿಂದ 12 ವಾರ. ಈ ಮೂಳೆಗೆ ಪ್ಲಾಸ್ಟರ್ ಹಾಕಲಾಗದು. ಹಾಗಾಗಿ ಎಕ್ಸ್‌ರೇಯಲ್ಲಿ ಬಿರುಕು ಕಂಡರೂ ಆರೈಕೆ ಹೆಚ್ಚುಕಡಿಮೆ ಇದೇ. ಆದರೆ ತೊಡೆಸಂದು ಜೋಮು ಹಿಡಿದರೆ, ಕಾಲಿನ ಬಲ ಕುಗ್ಗಿದರೆ, ಮಲಮೂತ್ರದ ಹತೋಟಿ ತಪ್ಪಿದರೆ ಅದೇ ಗಳಿಗೆ ಆಸ್ಪತ್ರೆಗೆ ಹೋಗಬೇಕು. ಜ್ವರ ಬಂದು ಆ ಜಾಗ ಕೆಂಪೇರಿ ಕೀವಾದರೂ ತಡಮಾಡಬಾರದು.

ಹಿತ್ತಲ ಮೆಟ್ಟಿಲಿಗೆ ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜುವ ಕೆಲಸ ಈ ಸಲ ಮನೆಯ ಬೇರೆಯವರದು.